ಕನ್ನಡದ ವಿವಾಹ ಪತ್ರಕ್ಕೆ ನೋಟರಿ ಬೇಕೆ?

ಪ್ರಶ್ನೆ: ಡಲ್ಲಾಸ್‌ನಲ್ಲಿದ್ದೇನೆ. ಪತಿ ಅಮೆರಿಕದ ಪ್ರಜೆ. ಪ್ರಜೆಯನ್ನು ಮದುವೆಯಾದವರಿಗಿರುವ ಮೂರು ವರ್ಷದ ನಿಯಮದಡಿ ಪೌರತ್ವದ ಎನ್‌-400 ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬುತ್ತಿದ್ದೇನೆ. ಸಾಗರದಲ್ಲಿ ಪಡೆದ ವಿವಾಹ ನೋಂದಣಿ ಪತ್ರ ಕನ್ನಡದಲ್ಲಿದೆ. ನಾನೇ ಅನುವಾದಿಸಿ ನೋಟರಿ ಮಾಡಿಸಲೇ?

ಉತ್ತರ: ನೋಟರಿಯ ಖರ್ಚು ಉಳಿಸಿಕೊಳ್ಳಿ, ತಾಯಿ. ಅಲ್ಲಿನ ವಲಸೆ ಇಲಾಖೆ ಕೇಳುವುದು ಪೂರ್ತಿ ಇಂಗ್ಲಿಷ್ ಅನುವಾದ. ಜೊತೆಗೆ ಅದು ಪೂರ್ಣವೂ ಸರಿಯೂ ಆಗಿದೆ, ಅನುವಾದಿಸುವಷ್ಟು ಭಾಷೆ ತನಗೆ ಬರುತ್ತದೆ ಎಂದು ಅನುವಾದಕರು ಸಹಿ ಮಾಡಿದ ದೃಢೀಕರಣ. ಅರ್ಜಿದಾರರೇ ಅನುವಾದಕರಾಗುವುದು ನನಗೆ ಸರಿಕಾಣದು; ಎರಡೂ ಭಾಷೆ ಬಲ್ಲ ಗೆಳತಿಯೊಬ್ಬರು ಸಾಕು. ಪೂರ್ತಿ ಎಂದರೆ ದುಂಡು ಮೊಹರಿನೊಳಗಿನ ಅಕ್ಷರ, ಅಂಚಿನ ಷರಾ, ಹಿಂಬದಿಯ ಬರಹ ಎಲ್ಲವೂ. ಮೊಹರು ಮಾಸಿದ್ದರೆ ‘ಓದಲಾಗುತ್ತಿಲ್ಲ’ ಎಂದೇ ಬರೆಸಿ, ಊಹಿಸಿ ತುಂಬಿಸಬೇಡಿ. ಮೂಲ, ಅನುವಾದ, ದೃಢೀಕರಣ ಮೂರನ್ನೂ ಒಟ್ಟಿಗೇ ಅಪ್‌ಲೋಡ್ ಮಾಡಿ.

ಗ್ರೀನ್ ಕಾರ್ಡಿನ ಎರಡೂ ಬದಿ, ಪತಿಯ ಪೌರತ್ವದ ಪುರಾವೆ, ಜಂಟಿ ತೆರಿಗೆ ದಾಖಲೆಯನ್ನೂ ಲಗತ್ತಿಸಬೇಕೆಂದು ನಿಮಗೆ ಗೊತ್ತೇ ಇರಬೇಕು. ಬ್ಯಾಂಕಿನವರು ಪಾಸ್‌ವರ್ಡ್ ಹಾಕಿ ಕಳಿಸುವ ಪಿಡಿಎಫ್ ಮಾತ್ರ ಹಾಗೆಯೇ ಏರಿಸಬೇಡಿ, ಬೀಗ ಹಾಕಿದ ಕಡತ ಅಲ್ಲಿ ನಡೆಯದು. ಸಾಗರದ ಮೂಲಪತ್ರವನ್ನು ಸಂದರ್ಶನಕ್ಕೆ ಕೈಯಲ್ಲೇ ಒಯ್ಯಿರಿ. ಅಂದಹಾಗೆ, ಪತಿ ಪ್ರಜೆಯಾಗಿಯೂ ಮೂರು ವರ್ಷ ತುಂಬಿದೆ ತಾನೇ? ಮದುವೆಯ ವರ್ಷವಷ್ಟೇ ಎಣಿಸಿದರೆ ಸಾಲದು.