ಟ್ರಾನ್ಸ್‌ಮಿಟರ್ ಸರಿ ಇದ್ದರೂ ಗ್ಯಾಸ್ ಲೆಕ್ಕ ಯಾಕೆ ತಪ್ಪುತ್ತದೆ?

ಪ್ರಶ್ನೆ: ಬೆಂಗಳೂರಿನ ಹತ್ತಿರದ ಕಾರ್ಖಾನೆಯೊಂದರ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿದ್ದೇನೆ. ಬಾಯ್ಲರ್‌ಗೆ ಹೋಗುವ ನೈಸರ್ಗಿಕ ಅನಿಲವನ್ನು ಆರಿಫೈಸ್ ಪ್ಲೇಟ್ (ನಡುವೆ ತೂತಿರುವ ತಟ್ಟೆ) ಹಾಕಿ ಅಳೆಯುತ್ತೇವೆ. ಗ್ಯಾಸ್ ಕೊಡುವವರ ಟರ್ಬೈನ್ ಮೀಟರಿಗಿಂತ ನಮ್ಮದು ಎರಡೂವರೆ ಪರ್ಸೆಂಟ್ ಕಡಿಮೆ ತೋರಿಸುತ್ತದೆ. ತಟ್ಟೆಯ ಎರಡು ಬದಿಯ ಒತ್ತಡದ ವ್ಯತ್ಯಾಸ ಅಳೆದು ಕಳಿಸುವ ಟ್ರಾನ್ಸ್‌ಮಿಟರಿನ ಕ್ಯಾಲಿಬ್ರೇಷನ್ ಸರಿ ಇದೆ. ಹರಿವಿನ ಲೆಕ್ಕ ಹಾಕುವ ಫ್ಲೋ ಕಂಪ್ಯೂಟರಿನಲ್ಲಿ ಸ್ಪೆಸಿಫಿಕ್ ಗ್ರಾವಿಟಿ ಮೊದಲಿನಿಂದ 0.60 ಅಂತಲೇ ಇದೆ. ಅದನ್ನು ಅಳೆಯುವ ಗ್ರಾವಿಟೋಮೀಟರ್ ಕೊಳ್ಳಬೇಕಾ ಸರ್?

ಉತ್ತರ: ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. ಆದರೆ ಈಗಲೇ ದುಡ್ಡು ಹಾಕಬೇಡಿ.

ಸ್ಪೆಸಿಫಿಕ್ ಗ್ರಾವಿಟಿ ಎಂದರೆ ಒಂದರ ಸಾಂದ್ರತೆ ಇನ್ನೊಂದರ ಎಷ್ಟು ಪಟ್ಟು ಎಂಬ ಹೋಲಿಕೆ. ಹಾಲಿನ ಲ್ಯಾಕ್ಟೋಮೀಟರ್ ನೋಡಿರುತ್ತೀರಿ, ಅಲ್ವಾ? ಅಲ್ಲಿ ಹೋಲಿಕೆ ನೀರಿನ ಜೊತೆ. ಗ್ಯಾಸಿನಲ್ಲಿ ಹೋಲಿಕೆ ಗಾಳಿಯ ಜೊತೆ, ಅದೂ ಒಂದೇ ಒತ್ತಡ, ಒಂದೇ ಉಷ್ಣತೆಯಲ್ಲಿ. ಬರೀ ಮೀಥೇನ್ ಆದರೆ 0.554. ಈಥೇನ್ 1.04, ಪ್ರೋಪೇನ್ 1.52. ಇವು ಸ್ವಲ್ಪ ಸೇರಿದರೂ ಸಂಖ್ಯೆ ಮೇಲೇರುತ್ತದೆ. ಪೈಪಿನಲ್ಲಿ ಬರುವುದರಲ್ಲಿ ಹಡಗಿನಲ್ಲಿ ಬಂದ ಎಲ್‌ಎನ್‌ಜಿಯೂ (ದ್ರವೀಕರಿಸಿ ತಂದ ನೈಸರ್ಗಿಕ ಅನಿಲ) ಇರುತ್ತದೆ. ಒಂದೊಂದು ಕಡೆಯದು ಒಂದೊಂದು ಬಗೆ. ಹಾಗಿರುವಾಗ 0.60 ಅಂತ ಒಮ್ಮೆ ಬರೆದು ಸುಮ್ನೆ ಬಿಟ್ಟರೆ ಲೆಕ್ಕ ತಪ್ಪಲೇಬೇಕು.

ಆರಿಫೈಸಿನಲ್ಲಿ ಸಿಗುವ ಘನ ಮೀಟರ್ ಲೆಕ್ಕ ಸ್ಪೆಸಿಫಿಕ್ ಗ್ರಾವಿಟಿಯ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಅದರಲ್ಲಿ 1 ಪರ್ಸೆಂಟ್ ತಪ್ಪಿದರೆ ಹರಿವಿನಲ್ಲಿ ಅರ್ಧ ಪರ್ಸೆಂಟ್ ತಪ್ಪು. ನಿಜವಾದ ಗ್ಯಾಸ್ 0.57 ಇದ್ದು ನೀವು 0.60 ಕೊಟ್ಟಿದ್ದರೆ 2.5 ಪರ್ಸೆಂಟ್ ಕಡಿಮೆ ತೋರಿಸುತ್ತದೆ. ನಿಮ್ಮ ವ್ಯತ್ಯಾಸವೂ ಅಷ್ಟೇ! ಟರ್ಬೈನ್ ಮೀಟರ್ ನೇರವಾಗಿ ಗಾತ್ರ ಅಳೆಯುವುದರಿಂದ ಅದಕ್ಕೆ ಈ ಪೆಟ್ಟು ಹೀಗೆ ಬೀಳುವುದಿಲ್ಲ. ಇನ್ನೊಂದು ಅನುಮಾನ, ಘನ ಮೀಟರ್ ಲೆಕ್ಕಕ್ಕೆ ಹಿಡಿದ ಉಷ್ಣತೆಯದು. ಒಂದು ಮೀಟರಿನಲ್ಲಿ 0 ಡಿಗ್ರಿ, ಇನ್ನೊಂದರಲ್ಲಿ 15 ಡಿಗ್ರಿ ಸೆಲ್ಸಿಯಸ್ ಆಧಾರವಾಗಿದ್ದರೆ ವ್ಯತ್ಯಾಸ 5.5 ಪರ್ಸೆಂಟಿನಷ್ಟು ಬರುತ್ತಿತ್ತು. ಆದ್ದರಿಂದ ಅದಲ್ಲ.

ಮೊದಲು ಗ್ಯಾಸ್ ಕೊಡುವವರ ಹತ್ತಿರ ಕ್ರೊಮ್ಯಾಟೋಗ್ರಾಫ್ (ಗ್ಯಾಸಿನ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ವರದಿ ಕೇಳಿ. ಯಾವ ಅನಿಲ ಎಷ್ಟಿದೆ ಎಂದು ಗೊತ್ತಾದರೆ ಐಎಸ್‌ಒ 6976 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸ್ಪೆಸಿಫಿಕ್ ಗ್ರಾವಿಟಿ ಲೆಕ್ಕ ಹಾಕಬಹುದು. ಆ ಸಂಖ್ಯೆಯನ್ನು ಕೊಟ್ಟು ಒಂದು ವಾರ ಎರಡೂ ಮೀಟರ್ ಹೋಲಿಸಿ.

ನೀವೇ ಸ್ಯಾಂಪಲ್ ತೆಗೆಸುವುದಾದರೆ ದಯವಿಟ್ಟು ಇಲ್ಲಿ ಅವಸರ ಬೇಡ. ನಾನು ನೋಡಿದ ತಪ್ಪುಗಳಲ್ಲಿ ಜಾಸ್ತಿ ಪಾಲು ಉಪಕರಣದ್ದಲ್ಲ, ಸ್ಯಾಂಪಲಿನದು. ಸ್ಯಾಂಪಲ್ ತುಂಬುವ ಸಿಲಿಂಡರಿನಲ್ಲಿ 5 ಪರ್ಸೆಂಟ್ ಗಾಳಿ ಉಳಿದರೆ ಸಾಕು, 0.57 ಹೋಗಿ 0.59 ದಾಟುತ್ತದೆ. ಅದಕ್ಕೇ ಗ್ಯಾಸಿನಿಂದಲೇ ಹಲವು ಸಲ ತುಂಬಿ ಖಾಲಿ ಮಾಡಬೇಕು. ರಬ್ಬರ್ ಬ್ಲಾಡರ್ (ಚೀಲ) ಬೇಡವೇ ಬೇಡ, ಭಾರದ ಹೈಡ್ರೋಕಾರ್ಬನ್ನುಗಳನ್ನು ಅದು ಹೀರಿಕೊಳ್ಳುತ್ತದೆ. ಪೈಪಿನ ತಳದಿಂದಲೂ ತೆಗೆಯಬೇಡಿ. ಅಲ್ಲಿ ದ್ರವ, ಕೊಳೆ ಇರಬಹುದು. ಮೇಲಿನಿಂದ ಪ್ರೋಬ್ ಇಳಿಸಿ, ನಡುವಿನ ಮೂರನೇ ಒಂದು ಭಾಗದಿಂದ ತೆಗೆಯಿರಿ.

ತಿಂಗಳಲ್ಲಿ ಹಲವು ಸಲ ಗ್ಯಾಸ್ ಬದಲಾಗುತ್ತಿದ್ದರೆ ಮಾತ್ರ ಆನ್‌ಲೈನ್ ಉಪಕರಣ ಯೋಚಿಸಿ. ಕಂಪಿಸುವ ಸಿಲಿಂಡರಿನ ಮೀಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ರಾನಾರೆಕ್ಸ್ ಎಂಬ ಹಳೆಯ ಗ್ರಾವಿಟೋಮೀಟರಿನಲ್ಲಿ ಎರಡು ಗೂಡು, ಒಂದರಲ್ಲಿ ಗ್ಯಾಸ್, ಇನ್ನೊಂದರಲ್ಲಿ ಗಾಳಿ. ಎರಡನ್ನೂ ಫ್ಯಾನು ತಿರುಗಿಸುತ್ತದೆ, ಎಳೆತದ ವ್ಯತ್ಯಾಸವನ್ನು ಮುಳ್ಳು ತೋರಿಸುತ್ತದೆ. ನೋಡಲು ಎಷ್ಟು ಚೆಂದದ ಯಂತ್ರ!

ಇನ್ನೊಂದು ಮಾತು. ಸ್ಪೆಸಿಫಿಕ್ ಗ್ರಾವಿಟಿ ಏರಿತೆಂದು ಗ್ಯಾಸಿನ ಶಾಖವೂ ಏರಿತು ಅಂದುಕೊಳ್ಳಬೇಡಿ. ಕಾರ್ಬನ್ ಡೈಆಕ್ಸೈಡ್ ಕೂಡ 1.52, ಅದು ಉರಿಯುವುದೇ ಇಲ್ಲ. ಹಾಗಾಗಿ ಬಾಯ್ಲರ್ ದಕ್ಷತೆ ಲೆಕ್ಕ ಹಾಕುವಾಗ ಶಾಖದ ಮೌಲ್ಯವನ್ನು ಅದೇ ಕ್ರೊಮ್ಯಾಟೋಗ್ರಾಫ್ ವರದಿಯಿಂದ ತೆಗೆದುಕೊಳ್ಳಿ.