ಮೋಲ್ ಲೆಕ್ಕಕ್ಕೆ ಆ ತ್ರಿಕೋನದ ಸೂತ್ರ ಬಾಯಿಪಾಠ ಮಾಡಿದರೆ ಸಾಕಾ?

8 ಗ್ರಾಂ ಆಕ್ಸಿಜನ್ ಅನಿಲದಲ್ಲಿ ಎಷ್ಟು ಪರಮಾಣು ಅನ್ನೋ ಲೆಕ್ಕಕ್ಕೆ ಪುಸ್ತಕದ ಉತ್ತರದ ಅರ್ಧ ಮಾತ್ರ ಬರುತ್ತಿದೆ, ಯಾವ ಸೂತ್ರ ಕಲಿಯಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ಮೋಲ್ ಅಂದರೆ ಡಜನ್ ಥರ ಒಂದು ಎಣಿಕೆ, ಸುಮಾರು 6.022 × 10²³ ಕಣಗಳು. ಪಿಯುಸಿಯಲ್ಲಿ ನಾನೂ ಅದೇ ತ್ರಿಕೋನ (ಮೇಲೆ ಗ್ರಾಂ, ಕೆಳಗೆ ಮೋಲ್ ಮತ್ತು ಒಂದು ಮೋಲ್‌ನ ತೂಕ) ನಂಬಿಕೊಂಡು ಓದಿದವನು. ಮಾರ್ಕ್ಸೂ ಬಂತು. ಪೆಟ್ಟು ಬಿದ್ದದ್ದು ಬಿ.ಎಸ್ಸಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ.

0.05 ಮೋಲಾರ್ (ಲೀಟರಿಗೆ 0.05 ಮೋಲ್) ಆಕ್ಸಾಲಿಕ್ ಆಸಿಡ್ ದ್ರಾವಣ 250 ಮಿಲಿ ತಯಾರಿಸಿ, ಅದನ್ನಿಟ್ಟುಕೊಂಡು ಪೊಟ್ಯಾಷಿಯಂ ಪರ್ಮಾಂಗನೇಟಿನ ಮೊಲಾರಿಟಿ ಕಂಡುಹಿಡಿಯಬೇಕಿತ್ತು. 250 ಮಿಲಿ ಅಂದರೆ 0.25 ಲೀಟರ್. 0.05ರಿಂದ ಗುಣಿಸಿದರೆ 0.0125 ಮೋಲ್. ಇಲ್ಲಿಯವರೆಗೆ ಸರಿ. ಒಂದು ಮೋಲ್ ಆಕ್ಸಾಲಿಕ್ ಆಸಿಡ್ ಅಂದರೆ 90 ಗ್ರಾಂ ಅಂತ ನೆನಪಿತ್ತು. ಗುಣಿಸಿ 1.125 ಗ್ರಾಂ ತೂಗಿದೆ.

ಬಾಟಲಿಯ ಲೇಬಲ್ ಮೇಲೆ 126.07 ಅಂತ ಅಚ್ಚಾಗಿತ್ತು. ನೋಡಲೇ ಇಲ್ಲ. ಲ್ಯಾಬಿನ ಆ ಬಿಳಿ ಹರಳಿನಲ್ಲಿ ಒಂದೊಂದು ಆಸಿಡ್ ಅಣುವಿನ ಜೊತೆ ಎರಡೆರಡು ನೀರಿನ ಅಣು ಸೇರಿಕೊಂಡಿರುತ್ತವೆ. 90ಕ್ಕೆ 36 ಕೂಡಿದರೆ 126. ತಕ್ಕಡಿ ಆ ನೀರನ್ನೂ ಸೇರಿಸಿಯೇ ತೂಗುತ್ತದೆ. ನಾನು ತೂಗಿದ್ದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಬರೀ ನೀರು. ಬೇಕಾಗಿದ್ದದ್ದು 1.575 ಗ್ರಾಂ.

ಪಿಪೆಟ್‌ನಲ್ಲಿ 10 ಮಿಲಿ ತೆಗೆದು, ಸಲ್ಫ್ಯೂರಿಕ್ ಆಸಿಡ್ ಹಾಕಿ, ಬಿಸಿ ಮಾಡಿ, ಬ್ಯುರೆಟ್‌ನಿಂದ ಪರ್ಮಾಂಗನೇಟ್ ಬಿಟ್ಟೆ. ಆಕ್ಸಾಲಿಕ್ ಆಸಿಡ್ ಪೂರ್ತಿ ಮುಗಿದು ತಿಳಿ ಗುಲಾಬಿ ಬಣ್ಣ ನಿಂತದ್ದು 7.1 ಮಿಲಿಗೆ. ನಿಲ್ಲಬೇಕಿದ್ದದ್ದು 10ಕ್ಕೆ. ಮತ್ತೆ ಮಾಡಿದರೂ ಅಷ್ಟೇ. 0.02 ಮೋಲಾರ್ ಇದ್ದದ್ದನ್ನು 0.028 ಅಂತ ಬರೆದುಕೊಟ್ಟೆ. ಫಲಿತಾಂಶದ ಮಾರ್ಕ್ಸ್ ಪೂರ್ತಿ ಹೋಯಿತು. ಗುಣಾಕಾರ, ಭಾಗಾಕಾರ ಎಲ್ಲೂ ತಪ್ಪಿರಲಿಲ್ಲ. ಸೂತ್ರವೂ ಸರಿಯೇ ಇತ್ತು. ಯಾವುದರ ಮೋಲ್ ಅಂತ ಮಾತ್ರ ಕೇಳಿಕೊಂಡಿರಲಿಲ್ಲ.

ನಿಮ್ಮ ಆಕ್ಸಿಜನ್ ಲೆಕ್ಕದಲ್ಲೂ ಆಗಿರೋದು ಇದೇ. 8 ಗ್ರಾಮನ್ನು 32ರಿಂದ (ಒಂದು ಮೋಲ್ ಆಕ್ಸಿಜನ್ ಅಣುಗಳ ತೂಕ, ಗ್ರಾಂನಲ್ಲಿ) ಭಾಗಿಸಿ 0.25 ಮೋಲ್ ಅಂತ ಬರೆದು ಬಿಟ್ಟಿದ್ದೀರಿ. ಅದು 0.25 ಮೋಲ್ ಅಣು. ಅಂದರೆ 1.5055 × 10²³ ಅಣುಗಳು. ಒಂದೊಂದರಲ್ಲೂ ಎರಡು ಪರಮಾಣು ಇವೆ, ಅಲ್ವಾ? ಹಾಗಾಗಿ 3.011 × 10²³ ಪರಮಾಣು.

ತ್ರಿಕೋನದಲ್ಲಿ ಈ ‘ಯಾವುದರ’ ಅನ್ನೋದಕ್ಕೆ ಜಾಗವೇ ಇಲ್ಲ. ಅದನ್ನು ಕಲಿಸೋದನ್ನೇ ನಿಲ್ಲಿಸಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 2019ರಿಂದ ಮೋಲ್‌ನ ವ್ಯಾಖ್ಯೆಯೇ 6.02214076 × 10²³ ಕಣಗಳು ಅಂತ. ಅದರಲ್ಲಿ ಗ್ರಾಂ ಮಾತೇ ಇಲ್ಲ. ಯಾವ ಕಣ ಅಂತ ಹೇಳದಿದ್ದರೆ ಆ ಸಂಖ್ಯೆಗೆ ಅರ್ಥವೂ ಇಲ್ಲ. ಅದಕ್ಕೇ ಪ್ರತಿ ಸಾಲಿನಲ್ಲೂ ಸಂಖ್ಯೆ, ಮಾನ, ವಸ್ತುವಿನ ಹೆಸರು ಮೂರನ್ನೂ ಬರೆಯಿರಿ. ಉದ್ದವಾಗುತ್ತದೆ, ಆಗಲಿ ಬಿಡಿ. ಮಿಲಿಗ್ರಾಂ ಕೊಟ್ಟಿದ್ದರೆ ಮೊದಲ ಸಾಲಿನಲ್ಲೇ ಗ್ರಾಂ ಮಾಡಿಕೊಳ್ಳಿ, ಆಮೇಲೆ ಮಾಡೋಣ ಅಂದರೆ ಮರೆತೇ ಹೋಗುತ್ತದೆ.

ಈಗ ಒಂದು ಮಾಡಿ ನೋಡಿ: 90 ಮಿಲಿಗ್ರಾಂ ನೀರಿನಲ್ಲಿ ಒಟ್ಟು ಎಷ್ಟು ಪರಮಾಣು? 9.033 × 10²¹ ಬರಬೇಕು. 3.011 × 10²¹ ಬಂದರೆ ನೀವು ಅಣುವಿನಲ್ಲೇ ನಿಂತಿದ್ದೀರಿ ಅಂತ.