ಗಮನಕ್ಕೇ ಬಾರದ ಪಾಪಗಳನ್ನೂ ದೇವರ ಮುಂದೆ ಅರಿಕೆ ಮಾಡಬೇಕಾ? ಹೇಗೆ?

ಮಾಡಬೇಕು. ಆದರೆ ಪಟ್ಟಿ ಪೂರ್ತಿಯಾಗದಿದ್ದರೆ ದೇವರು ಕ್ಷಮಿಸುವುದಿಲ್ಲ ಅನ್ನೋ ಹೆದರಿಕೆಯಿಂದ ಅಲ್ಲ. ಕ್ಷಮೆ ನಿಂತಿರುವುದು ಕ್ರಿಸ್ತನ ಮೇಲೆ, ನಮ್ಮ ನೆನಪಿನ ಶಕ್ತಿಯ ಮೇಲಲ್ಲ.

ಹಾಗಿದ್ದರೆ ಅರಿಕೆ ಯಾಕೆ? ಪಾಪ ಅಂತ ನಾವು ಲೆಕ್ಕಕ್ಕೇ ಹಿಡಿಯದ್ದನ್ನು ಬಿಡಲು ಪ್ರಯತ್ನವನ್ನೂ ಮಾಡುವುದಿಲ್ಲ. ಅದು ಅಭ್ಯಾಸವಾಗುತ್ತದೆ, ಅದಕ್ಕೊಂದು ಸಮರ್ಥನೆ ಹುಟ್ಟುತ್ತದೆ. ಪ್ರಾರ್ಥನೆಯಲ್ಲಿ ಆ ವಿಷಯದ ಹತ್ತಿರ ಸುಳಿಯದೆ ಸುತ್ತಿ ಬರುತ್ತೇವೆ. ದೇವರು ದೂರವಾದ ಹಾಗೆ ಅನಿಸುವುದು ಆಗಲೇ. ಬಾಯಿಬಿಟ್ಟು ಹೇಳಿದರೆ ಮುಚ್ಚಿಡಲು ಏನೂ ಉಳಿಯುವುದಿಲ್ಲ.

ಕಳವು, ಸುಳ್ಳು ಬೇಗ ಕಾಣುತ್ತವೆ. ಕಣ್ಣು ತಪ್ಪಿಸುವುದು ಸಣ್ಣವು: ಬೇರೆಯವರ ಏಳಿಗೆ ಕಂಡು ಒಳಗೊಳಗೇ ಕರುಬುವುದು, 'ಅವರಿಗಾಗಿ ಪ್ರಾರ್ಥಿಸೋಣ' ಅಂತ ಶುರುಮಾಡಿ ಚಾಡಿ ಹೇಳುವುದು (ಇದು ನಮ್ಮಲ್ಲಿ ಸ್ವಲ್ಪ ಜಾಸ್ತಿಯೇ, ಅಲ್ವಾ?), ಮಾಡಬೇಕಾದ ಒಳ್ಳೆಯದನ್ನು ಸುಮ್ನೆ ಬಿಟ್ಟುಬಿಡುವುದು. ಈ ಕೊನೆಯದನ್ನು ಬೈಬಲಿನ ಯಾಕೋಬ 4:17 ನೇರವಾಗಿ ಪಾಪ ಅಂತಲೇ ಕರೆಯುತ್ತದೆ.

ಹೇಗೆ ಅಂದರೆ, ಬೈಬಲಿನ ಅರಸ ದಾವೀದನ ದಾರಿ ಹಿಡಿಯಿರಿ. ಕೀರ್ತನೆ 19:12ರಲ್ಲಿ ಅವನು ತನಗೇ ತಿಳಿಯದ ತಪ್ಪುಗಳಿಗೆ ಕ್ಷಮೆ ಬೇಡುತ್ತಾನೆ. 139:23ರಲ್ಲಿ ತನ್ನ ಒಳಗನ್ನು ದೇವರೇ ಶೋಧಿಸಲಿ ಅನ್ನುತ್ತಾನೆ. ಹಾಗೇ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ. ನೆನಪಿಗೆ ಬಂದದ್ದನ್ನು ಬಿಡಿಸಿ ಹೇಳಿ. 'ಪಾಪಗಳನ್ನೆಲ್ಲ ಕ್ಷಮಿಸು' ಅನ್ನುವುದು ಸುಲಭ. 'ಇವತ್ತು ತಂಗಿ ಮಾತಾಡಿಸಿದರೂ ಬೇಕಂತಲೇ ಉತ್ತರ ಕೊಡಲಿಲ್ಲ' ಅನ್ನುವುದು ಕಷ್ಟ, ಆದರೆ ಮನಸ್ಸು ಬದಲಾಗುವುದು ಅಲ್ಲೇ. ಆ ತಂಗಿಯ ಹತ್ತಿರವೂ ಹೋಗಿ ಕ್ಷಮೆ ಕೇಳಿ. ಏನೂ ಹೊಳೆಯದಿದ್ದರೆ ಕೆದಕುತ್ತಾ ಕೂರಬೇಡಿ. ಆಮೇಲೆ ನೆನಪಾದಾಗ ಹೇಳಿದರಾಯಿತು.